ಪ್ರಿಂಟರ್ ರಿಪೇರಿಗೆ ಹೋದವರು ಕೋಡ್ ಬರೆಯಲು ಕೂತದ್ದು

‘ಅಲ್ರೀ ಸರ, ಪ್ರಿಂಟರ್ ರಿಪೇರಿ ಮಾಡಾಕ ನೀವು ಬಂದೀರಿ. ಈ ಕನ್ನಡಾನ ಯಾರು ರಿಪೇರಿ ಮಾಡವ್ರು?’

ಹತ್ತು ವರ್ಷಕ್ಕೂ ಹಿಂದೆ, 2014ರ ಮಳೆಗಾಲದಲ್ಲಿ, ಬೆಳ್ಳಟ್ಟಿಯ ಒಂದು ಕೌಂಟರಿನಲ್ಲಿ ಕೂತಿದ್ದ ಕಂಪ್ಯೂಟರ್ ಆಪರೇಟರ್ ಅಕ್ಕ ನಮ್ಮನ್ನು ಕೇಳಿದ ಪ್ರಶ್ನೆ ಇದು. ಆಗ ನಮಗೆ ಅದು ತಮಾಷೆಯಾಗಿ ಕೇಳಿಸಿತು. ಕರಾವಳಿಯ ಬ್ಯಾರಿ ಹುಡುಗರಾದ ನಾವು ಹುಬ್ಬಳ್ಳಿಯಲ್ಲಿ ಒಂದು ಕೋಣೆ ಹಿಡಿದು, ಕಂಪ್ಯೂಟರ್ ಸರ್ವಿಸ್ ಮಾಡುವ ಒಂದು ಕಂಪನಿಯಲ್ಲಿ ಫೀಲ್ಡ್ ಎಂಜಿನಿಯರ್ ಆಗಿದ್ದೆವು. ಹೆಸರು ಎಂಜಿನಿಯರ್. ಕೈಯಲ್ಲಿ ಸ್ಕ್ರೂ ಡ್ರೈವರ್, ಬ್ಯಾಗಿನಲ್ಲಿ ಟೋನರ್, ಸಂಬಳ ತಿಂಗಳಿಗೆ 14 ಸಾವಿರ. ಹುಬ್ಬಳ್ಳಿಯಿಂದ ವಾಯವ್ಯ ಸಾರಿಗೆ ಬಸ್ಸು ಹತ್ತಿ ಲಕ್ಷ್ಮೇಶ್ವರ, ಅಲ್ಲಿಂದ ಶಿರಹಟ್ಟಿ, ಮುಂದೆ ಬೆಳ್ಳಟ್ಟಿ. ಒಂದು ಪ್ರಿಂಟರಿನ ಒಳಗೆ ಸಿಕ್ಕಿಕೊಂಡ ಕಾಗದ ತೆಗೆಯಲು ಅರ್ಧ ದಿನದ ಪ್ರಯಾಣ.

ಆದರೆ ಅಕ್ಕನ ಕಷ್ಟ ಪ್ರಿಂಟರಿನದ್ದಾಗಿರಲಿಲ್ಲ. ಆಕೆಯ ಬಳಿ ನೂರಾರು ಜನರ ಹೆಸರಿದ್ದ ಪಟ್ಟಿ ಇತ್ತು. ಅದು ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಆದದ್ದು. ಹೊಸದಾಗಿ ಬಂದ ಅರ್ಜಿಯ ಪುಟ ಯೂನಿಕೋಡ್ ಕನ್ನಡ ಮಾತ್ರ ತೆಗೆದುಕೊಳ್ಳುತ್ತಿತ್ತು. ಹಳೆಯ ಪಟ್ಟಿಯನ್ನು ಅಲ್ಲಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಬಂದ ಹಾಗೆ ಏನೇನೋ ಕಾಣಿಸುತ್ತಿತ್ತು. ಹಾಗಾಗಿ ಆಕೆ ಪ್ರತಿ ಹೆಸರನ್ನೂ ಮತ್ತೆ ಮೊದಲಿನಿಂದ ಟೈಪ್ ಮಾಡುತ್ತಿದ್ದಳು. ಹೊರಗೆ ಜನ ಸಾಲಿನಲ್ಲಿ ನಿಂತಿದ್ದರು. ಒಂದು ಹೆಸರು ತಪ್ಪಿದರೆ ಆ ಮನೆಯವರು ಮತ್ತೊಂದು ದಿನದ ಕೂಲಿ ಬಿಟ್ಟು ಬರಬೇಕು.

ನಾವು ಕಾಗದ ತೆಗೆದೆವು, ಸರ್ವಿಸ್ ರಿಪೋರ್ಟಿಗೆ ಸಹಿ ಹಾಕಿಸಿಕೊಂಡೆವು, ‘ಅದು ನಮ್ಮ ಕೆಲಸದಲ್ಲಿ ಬರೂದಿಲ್ಲ ಅಕ್ಕಾರ’ ಎಂದು ಹೊರಟೆವು. ನಮ್ಮ ರಿಪೋರ್ಟಿನ ಪ್ರಕಾರ ಸಮಸ್ಯೆ ಬಗೆಹರಿದಿತ್ತು. ಅಕ್ಕನ ಸಮಸ್ಯೆ ಹಾಗೆಯೇ ಇತ್ತು. ತಿರುಗಿ ಬರುವ ಬಸ್ಸಿನಲ್ಲಿ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಈ ಲೇಖನ ಬರೆಯಲು ಕಾರಣ ಬೇರೆ. ಕಳೆದ ತಿಂಗಳು ಒಂದು ಮದುವೆ ಮನೆಯಲ್ಲಿ ಮೂವರು ಹುಡುಗರು ನಮ್ಮನ್ನು ಪಕ್ಕಕ್ಕೆ ಕರೆದು ಕೇಳಿದರು: ‘ಕಾಕ, ನಾವು ಸಪೋರ್ಟಿನಲ್ಲಿದ್ದೇವೆ. ಡೆವಲಪರ್ ಆಗಲಿಕ್ಕೆ ಆಗ್ತದಾ?’ ಮದುವೆಯ ಗಲಾಟೆಯಲ್ಲಿ ಎರಡು ಮಾತು ಹೇಳಿ ಕಳಿಸಿದೆವು. ಅವರಿಗೆ ಸರಿಯಾದ ಉತ್ತರ ಕೊಡಬೇಕಿತ್ತು. ಅದು ಇಲ್ಲಿದೆ. ಹುಡುಗರಿಗೆ ಮಾತ್ರ ಅಲ್ಲ, ಅವರ ಮನೆಯವರಿಗೂ.

ಮನೆಯವರಿಗೆ ಎಲ್ಲವೂ ‘ಐಟಿ’

ನಮ್ಮ ಮನೆಗಳಲ್ಲಿ ‘ಮಗ ಐಟಿಯಲ್ಲಿದ್ದಾನೆ’ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಆದರೆ ಒಂದೇ ಕಟ್ಟಡದೊಳಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಒಬ್ಬರು ಸಾಫ್ಟ್‌ವೇರ್ ಕಟ್ಟುವವರು, ಅಂದರೆ ಡೆವಲಪರ್. ಇನ್ನೊಬ್ಬರು ಅದು ಕೆಟ್ಟಾಗ ಫೋನ್ ಎತ್ತುವವರು, ಅಂದರೆ ಸಪೋರ್ಟ್.

ಸಪೋರ್ಟಿನಲ್ಲಿಯೂ ಮೆಟ್ಟಿಲುಗಳಿವೆ. ಎಲ್ ಒನ್ ಎಂದರೆ ಮೊದಲ ಫೋನ್ ತೆಗೆಯುವವರು. ಪಾಸ್‌ವರ್ಡ್ ಮರೆತದ್ದು, ವೈಫೈ ಬಾರದ್ದು, ಪ್ರಿಂಟರ್ ನಿಂತದ್ದು. ಎಲ್ ಟು ಎಂದರೆ ಸರ್ವರ್, ನೆಟ್‌ವರ್ಕ್, ಮೇಲ್ ನೋಡುವವರು. ಎಲ್ ತ್ರೀ ಎಂದರೆ ಸಾಫ್ಟ್‌ವೇರಿನ ಒಳಗೇ ಇಳಿದು ತಪ್ಪು ಎಲ್ಲಿದೆ ಎಂದು ಹುಡುಕುವವರು. ಪ್ರತಿ ದೂರಿಗೂ ಒಂದು ಟಿಕೆಟ್, ಪ್ರತಿ ಟಿಕೆಟಿಗೂ ಗಡಿಯಾರ. ರಾತ್ರಿ ಪಾಳಿ ಇರುತ್ತದೆ, ರಮಝಾನಿನ ಸಹರಿಯನ್ನೂ ಹೆಡ್‌ಸೆಟ್ ಹಾಕಿಕೊಂಡೇ ಮುಗಿಸಿದವರಿದ್ದಾರೆ.

ನಮ್ಮ ಕಡೆಯ ಮಕ್ಕಳು ಹೆಚ್ಚಾಗಿ ಮೊದಲ ಮೆಟ್ಟಿಲಿನಲ್ಲಿ ಸೇರುತ್ತಾರೆ. ಬಿಸಿಎ, ಬಿಎಸ್ಸಿ, ಡಿಪ್ಲೊಮಾ ಮುಗಿಸಿದ ಕೂಡಲೇ ಸಿಗುವ ಕೆಲಸ ಅದು. ತಪ್ಪೇನಿಲ್ಲ. ಸೇರಿದ್ದು ತೊಂದರೆಯಲ್ಲ, ಅಲ್ಲೇ ನಿಂತುಬಿಡುವುದು ತೊಂದರೆ. ನಾಲ್ಕೈದು ವರ್ಷ ಅದೇ ಪಾಸ್‌ವರ್ಡ್ ರೀಸೆಟ್ ಮಾಡಿದವನಿಗೆ ಐದು ವರ್ಷದ ಅನುಭವ ಇರುವುದಿಲ್ಲ, ಒಂದು ವರ್ಷದ ಅನುಭವ ಐದು ಸಲ ಆಗಿರುತ್ತದೆ. ಅಷ್ಟರಲ್ಲಿ ಮದುವೆ, ತಂಗಿಯ ಮದುವೆ, ಮನೆಯ ಸಾಲ. ಆಮೇಲೆ ‘ಗಲ್ಫಿಗೆ ಬಾ, ಇಲ್ಲಿ ಅದೇ ಕೆಲಸಕ್ಕೆ ಡಬಲ್ ಸಂಬಳ’ ಎಂದು ಭಾವನ ಫೋನ್. ಹೋಗಬಾರದೆಂದಲ್ಲ. ಹೋದಲ್ಲಿಯೂ ಅದೇ ಮೊದಲ ಮೆಟ್ಟಿಲು ಎಂಬುದನ್ನು ತಿಳಿದು ಹೋಗಬೇಕು.

ಅರ್ಕಾವತ್ತು ಕಲಿಸಿದ ಪಾಠ

ಬೆಳ್ಳಟ್ಟಿಯಿಂದ ಬಂದ ವಾರವೇ ನಾವು ಎಕ್ಸೆಲ್‌ನಲ್ಲಿ ಮ್ಯಾಕ್ರೋ ಎಂಬುದು ಇದೆ ಎಂದು ಹುಡುಕಿದೆವು. ಅದೊಂದು ಸಣ್ಣ ಪ್ರೋಗ್ರಾಂ ಬರೆಯುವ ಜಾಗ. ಬಿಸಿಎಯಲ್ಲಿ ಓದಿದ್ದು ಪರೀಕ್ಷೆಯ ಮರುದಿನವೇ ಮರೆತಿತ್ತು. ಆದರೂ ಲೆಕ್ಕ ಸುಲಭ ಎಂದುಕೊಂಡೆವು. ಹಳೆಯ ನುಡಿಯಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂತಿವೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಇದೆ. ಲೆಕ್ಕಕ್ಕೆ 128 ಸ್ಥಾನಗಳು. ‘ಕ’ ಅಕ್ಷರದ ಸಂಖ್ಯೆ 3221, ‘ರ’ ಅಕ್ಷರದ್ದು 3248. ಹಳೆಯದನ್ನು ತೆಗೆದು ಹೊಸದನ್ನು ಇಟ್ಟರೆ ಆಯಿತು ಎಂದು ಉದ್ದದ ಪಟ್ಟಿ ಬರೆದೆವು.

ಜನರ ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ತರುವುದು ಸರಿಯಲ್ಲ ಎಂಬಷ್ಟು ಬುದ್ಧಿ ಇತ್ತು. ಹಾಗಾಗಿ ನಮ್ಮ ನೆಂಟರ ಹೆಸರುಗಳನ್ನೇ ಟೈಪ್ ಮಾಡಿ ಪರೀಕ್ಷಿಸಿದೆವು. ಫಾತಿಮಾ, ಹಸನಬ್ಬ, ಮೈಮುನಾ ಎಲ್ಲ ಸರಿಯಾಗಿ ಬಂತು. ಬಹಳ ಖುಷಿಯಾಯಿತು. ಇನ್ನೊಂದು ಸರ್ವಿಸ್ ಕಾಲ್ ನೆಪದಲ್ಲಿ ಬೆಳ್ಳಟ್ಟಿಗೆ ಹೋಗಿ, ಅಕ್ಕನ ಕಂಪ್ಯೂಟರಿನಲ್ಲಿ ಅದನ್ನು ಓಡಿಸಿದೆವು.

ಒಂದು ನಿಮಿಷದಲ್ಲಿ ಪಟ್ಟಿ ಪೂರ್ತಿ ಬದಲಾಯಿತು. ಅಕ್ಕ ನಕ್ಕಳು. ಆಮೇಲೆ ಕೆಳಗೆ ಜಾರಿಸಿ ನೋಡುತ್ತಾ ಸುಮ್ಮನಾದಳು. ಅರ್ಕಾವತ್ತು ಇದ್ದ ಹೆಸರುಗಳೆಲ್ಲ ಕೆಟ್ಟಿದ್ದವು. ಖುರ್ಷಿದಾ ‘ಖುಷಿ’ಯಾಗಿ, ಮುಂದೆ ಒಂದು ವಿಚಿತ್ರ ಗುರುತು ಬಂದು, ಕೊನೆಗೆ ‘ದಾ’ ಉಳಿದಿತ್ತು. ದುರ್ಗವ್ವನ ಹೆಸರಿನಲ್ಲಿಯೂ ಅದೇ ಗತಿ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ನಾವು ಮೂಲ ಫೈಲಿನ ಮೇಲೆಯೇ ಓಡಿಸಿ ಸೇವ್ ಮಾಡಿದ್ದೆವು. ನಕಲು ತೆಗೆದಿರಲಿಲ್ಲ.

ಅಕ್ಕ ಬೈಯಲಿಲ್ಲ. ‘ಇರ್ಲಿ ಬಿಡ್ರಿ, ಹೆಂಗೂ ಟೈಪ್ ಮಾಡೂದಿತ್ತು’ ಎಂದಳು. ಆ ಸಂಜೆ ಆಕೆ ಮನೆಗೆ ಹೋಗುವ ಹೊತ್ತು ಮೀರಿ ಕೂತು, ಹಳೆಯ ಮುದ್ರಿತ ಕಾಗದ ನೋಡಿ ಹೆಸರುಗಳನ್ನು ಸರಿಪಡಿಸಿದಳು. ನಾವು ಪಕ್ಕದಲ್ಲಿ ಕೂತು ಓದಿ ಹೇಳಿದೆವು. ಕೊನೆಯ ಬಸ್ಸು ತಪ್ಪಿತು. ಬೇರೆಯವರ ದುಡಿಮೆಯ ಮೇಲೆ ಪ್ರಯೋಗ ಮಾಡಬಾರದು ಎಂಬುದನ್ನು ಯಾವ ಕೋರ್ಸೂ ನಮಗೆ ಅಷ್ಟು ಚೆನ್ನಾಗಿ ಕಲಿಸಲಿಲ್ಲ.

ತಪ್ಪು ಎಲ್ಲಿತ್ತು? ಹಳೆಯ ಅಕ್ಷರದಲ್ಲಿ ಕಣ್ಣಿಗೆ ಕಾಣುವ ಕ್ರಮ. ‘ರ್ಷಿ’ ಬರೆಯುವಾಗ ಮೊದಲು ‘ಷಿ’, ಆಮೇಲೆ ಅರ್ಕಾವತ್ತಿನ ಗುರುತು. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಕ್ರಮ. ಮೊದಲು ‘ರ’, ಅದರ ಅರ್ಧ ಮಾಡುವ ಗುರುತು, ಆಮೇಲೆ ‘ಷಿ’. ಹಾಗಾಗಿ ಅಕ್ಷರ ಬದಲಿಸಿದರೆ ಸಾಲದು, ಅರ್ಕಾವತ್ತು ಕಂಡಲ್ಲಿ ಒಂದು ಪೂರ್ತಿ ಅಕ್ಷರದಷ್ಟು ಹಿಂದೆ ನಡೆದು ‘ರ’ವನ್ನು ಅಲ್ಲಿ ಕೂರಿಸಬೇಕು. ಇದು ಹೊಳೆಯಲು ನಮಗೆ ಮೂರು ವಾರ ಬೇಕಾಯಿತು. ಹೊಳೆದ ರಾತ್ರಿ ನಿದ್ದೆ ಬರಲಿಲ್ಲ. ಪ್ರಿಂಟರ್ ಸರಿಯಾದಾಗ ಒಮ್ಮೆಯೂ ಹಾಗಾಗಿರಲಿಲ್ಲ.

ಇಂಥ ಪರಿವರ್ತಕಗಳು ಆಗಲೇ ಉಚಿತವಾಗಿ ಸಿಗುತ್ತಿದ್ದವು ಎಂದು ಆಮೇಲೆ ಗೊತ್ತಾಯಿತು. ಮೊದಲು ಹುಡುಕದೇ ಹೋದದ್ದು ನಮ್ಮ ಅಜ್ಞಾನ. ಆದರೂ ಆ ಮೂರು ವಾರ ವ್ಯರ್ಥವಾಗಲಿಲ್ಲ. ಪ್ರೋಗ್ರಾಮಿಂಗ್ ಅಂದರೆ ಏನು ಎಂದು ತಿಳಿದದ್ದು ಆಗಲೇ.

ದಾರಿ ತೋರಿದವರು

ನಮ್ಮ ಕೈಗೆ ಸಿಕ್ಕ ಆ ಕನ್ನಡದ ಹಿಂದೆ ನಮ್ಮದೇ ಜಿಲ್ಲೆಯ ಒಬ್ಬರಿದ್ದರು ಎಂಬುದು ಕೂಡ ನಮಗೆ ತಡವಾಗಿ ಗೊತ್ತಾಯಿತು. ಕೆ.ಪಿ. ರಾವ್, ಮಂಗಳೂರು ಸಮೀಪದ ಕಿನ್ನಿಕಂಬಳದವರು. ಅಚ್ಚಿನ ಅಕ್ಷರ ಜೋಡಣೆಯ ಉದ್ಯಮದಲ್ಲಿ ಕೆಲಸ ಮಾಡಿದವರು. ಅಲ್ಲಿ ಕನ್ನಡಕ್ಕಿದ್ದ ತೊಡಕನ್ನು ಹತ್ತಿರದಿಂದ ಕಂಡು, ‘ಸೇಡಿಯಾಪು’ ಎಂಬ ಕನ್ನಡ ತಂತ್ರಾಂಶ ಬರೆದರು, ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿದರು. ನಾವು ಇಂದು ನುಡಿಯಲ್ಲಿ ಒತ್ತುವ ಕೀಲಿಗಳ ಮೂಲ ಅದು. ಕಂಪ್ಯೂಟರ್ ಸೈನ್ಸ್ ಪದವಿಯಿಂದ ಹೊರಟವರಲ್ಲ ಅವರು, ಕೆಲಸದ ಕಷ್ಟದಿಂದ ಹೊರಟವರು.

ಇನ್ನೊಂದು ಉದಾಹರಣೆ ರೈತರ ಮನೆಗೆ ಗೊತ್ತಿರುವಂಥದ್ದು. 2000ದ ಆಸುಪಾಸಿನಲ್ಲಿ ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಹೋದವು. ತಾಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುವಂತಾಯಿತು. ಸಾಫ್ಟ್‌ವೇರ್ ಬರೆದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ. ಆದರೆ ಕಿಯೋಸ್ಕಿನಲ್ಲಿ ಕೂತದ್ದು ತರಬೇತಿ ಪಡೆದ ಗ್ರಾಮ ಲೆಕ್ಕಿಗರು. ಹೊಲದ ವಹಿವಾಟು ಬಲ್ಲವರು ಕಂಪ್ಯೂಟರ್ ಕಲಿತರು. ಕೆಲಸ ಗೊತ್ತಿದ್ದವನಿಗೆ ಯಂತ್ರ ಕಲಿಸುವುದು ಕಷ್ಟವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಪ್ರತಿ ಮನೆಯಲ್ಲೂ ಇರುವ ವಾಟ್ಸ್ಆ್ಯಪ್ ನೋಡಿ. ಅದನ್ನು 2009ರಲ್ಲಿ ಶುರು ಮಾಡಿದವರಲ್ಲಿ ಒಬ್ಬರಾದ ಜಾನ್ ಕೌಮ್, ಯುಕ್ರೇನ್‌ನಿಂದ 16ನೇ ವಯಸ್ಸಿನಲ್ಲಿ ತಾಯಿಯ ಜೊತೆ ಅಮೆರಿಕಕ್ಕೆ ಬಂದವರು. ತಾಯಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು, ಮಗ ಕಿರಾಣಿ ಅಂಗಡಿಯಲ್ಲಿ ನೆಲ ಒರೆಸುತ್ತಿದ್ದ. ಹಳೆಯ ಪುಸ್ತಕದ ಅಂಗಡಿಯಿಂದ ಕೈಪಿಡಿ ತಂದು ಓದಿ, ಓದಿದ ಮೇಲೆ ವಾಪಸ್ ಕೊಟ್ಟು, ನೆಟ್‌ವರ್ಕಿಂಗ್ ಕಲಿತರು. ಮುಂದೆ ಯಾಹೂವಿನಲ್ಲಿ ಸರ್ವರುಗಳನ್ನು ನಿಲ್ಲದಂತೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. 2014ರಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರ್ ಬೆಲೆಗೆ ವಾಟ್ಸ್ಆ್ಯಪ್ ಕೊಂಡಿತು. ಎಲ್ಲರಿಗೂ ಹಾಗಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ನಮಗೆ ಹೆಚ್ಚು ಹತ್ತಿರದ್ದು ಚೆನ್ನೈಯ ಕತೆ. ಅಸ್ಸಾಮಿನಿಂದ ಬಂದ, ಹತ್ತನೇ ತರಗತಿ ಮಾತ್ರ ಓದಿದ ಯುವಕನೊಬ್ಬ ಝೋಹೋ ಕಂಪನಿಯಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದ. ಅಲ್ಲಿನ ಹಿರಿಯ ಉದ್ಯೋಗಿಯೊಬ್ಬರು ಅವನ ಆಸಕ್ತಿ ಕಂಡು, ಪಾಳಿ ಮುಗಿದ ಮೇಲೆ ಪ್ರೋಗ್ರಾಮಿಂಗ್ ಕಲಿಸಿದರು. ಸಣ್ಣದೊಂದು ಆ್ಯಪ್ ಮಾಡಿ ತೋರಿಸಿದ. ಅದೇ ಕಂಪನಿಯ ಸಂದರ್ಶನ ಪಾಸಾಗಿ ಡೆವಲಪರ್ ಆದ. ಇದನ್ನು ಅವನೇ ಮುಂದೆ ಬರೆದು ಹಂಚಿಕೊಂಡದ್ದು ದೇಶವೆಲ್ಲ ಓದಿತು. ಎರಡು ಸಂಗತಿ ಗಮನಿಸಿ. ಅವನು ಮಾಡಿ ತೋರಿಸಿದ ವಸ್ತು ಒಂದಿತ್ತು. ಕಲಿಸಿದ ಹಿರಿಯರೊಬ್ಬರಿದ್ದರು.

ಬಳೆ ಮತ್ತು ಬೀಡಿ

ನಮ್ಮ ದಾರಿ ನೇರ ಇರಲಿಲ್ಲ. 2015ರಲ್ಲಿ ಮ್ಯಾನೇಜರರ ಹತ್ತಿರ ಹೋಗಿ ‘ನಮಗೂ ಪ್ರೋಗ್ರಾಮಿಂಗ್ ಕೆಲಸ ಕೊಡಿ’ ಎಂದು ಕೇಳಿದೆವು. ‘ಇದ್ದದ್ದನ್ನು ಸರಿಯಾಗಿ ಮಾಡಿ’ ಎಂಬ ಉತ್ತರ ಬಂತು. ಬೆಂಗಳೂರಿಗೆ ಕಳಿಸಿದ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಉತ್ತರವೇ ಇಲ್ಲ. ಬಂದ ಒಂದೆರಡು ಫೋನುಗಳಲ್ಲಿ ಒಂದೇ ಮಾತು: ‘ಡೆವಲಪ್‌ಮೆಂಟ್ ಅನುಭವ ಎಷ್ಟು?’

ಆಗ ಒಬ್ಬ ಏಜೆಂಟ್ ಸಿಕ್ಕಿದ. 60 ಸಾವಿರ ಕೊಟ್ಟರೆ ಎರಡು ವರ್ಷದ ಅನುಭವದ ಸರ್ಟಿಫಿಕೇಟ್, ಸಂಬಳದ ಸ್ಲಿಪ್, ಕೇಳಿದವರಿಗೆ ಫೋನಿನಲ್ಲಿ ‘ಹೌದು, ನಮ್ಮಲ್ಲಿದ್ದ’ ಎನ್ನುವ ಜನ, ಎಲ್ಲ ಸೇರಿ. ಊರಿಗೆ ಬಂದಾಗ ಉಮ್ಮನಿಗೆ ಹೇಳಿದೆವು. ಉಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ‘ನೀನು ಕಂಪ್ಯೂಟರ್ ಕೆಲಸದಲ್ಲಿದ್ದೀ ಅಂತ ಊರಿಗೆಲ್ಲ ಹೇಳಿದ್ದೇನೆ ಮೋನೇ, ಇನ್ನೂ ಏನು ಕಲಿಯಲಿಕ್ಕೆ ಉಂಟು?’ ಎಂದರು. ನಾವು ವಿವರಿಸಿದೆವು. ಅವರು ಏನೂ ಮಾತಾಡದೆ ಒಳಗೆ ಹೋಗಿ, ಎರಡು ಬಳೆ ತಂದು ಚಾಪೆಯ ಮೇಲೆ ಇಟ್ಟರು.

ಆ ರಾತ್ರಿ ನಾವು ಬಳೆ ತೆಗೆದುಕೊಳ್ಳುವುದೆಂದೇ ಇದ್ದೆವು. ಬೆಳಿಗ್ಗೆ ಉಮ್ಮ ಮೊರ ಹಿಡಿದು ಕೂತಲ್ಲಿಂದ ಕೇಳಿದರು: ‘ಆ ಕಾಗದದಲ್ಲಿ ಬರೆದ ಕೆಲಸ ನಿನಗೆ ಬರ್ತದಾ?’ ಪೂರ್ತಿ ಬರುವುದಿಲ್ಲ ಎಂದೆವು. ‘ಒಳಗೆ ಹೊಗೆಸೊಪ್ಪು ಇಲ್ಲದ ಬೀಡಿ ಕಟ್ಟಿ ಕೊಟ್ಟರೆ ಬ್ರಾಂಚಿನಲ್ಲಿ ಗೊತ್ತಾಗುದಿಲ್ವಾ? ಮರುದಿನದಿಂದ ನಮ್ಮ ಕಟ್ಟನ್ನೇ ಬಿಚ್ಚಿ ನೋಡ್ತಾರೆ.’ ಬಳೆ ಒಳಗೆ ಹೋಯಿತು.

ಉಮ್ಮನ ಮಾತು ಇಂದಿಗೆ ಇನ್ನೂ ಹೆಚ್ಚು ನಿಜ. 2014ರಿಂದ ಭವಿಷ್ಯ ನಿಧಿಗೆ ಯುಎಎನ್ ಸಂಖ್ಯೆ ಬಂದಿದೆ. ಯಾವ ಕಂಪನಿಯಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಪಿಎಫ್ ಕಟ್ಟಿದ್ದಾರೆ ಎಂಬುದು ಅದರಲ್ಲಿ ಕಾಣುತ್ತದೆ. ಕಂಪನಿಗಳು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಹಿನ್ನೆಲೆ ತಪಾಸಣೆಗೆ ಏಜೆನ್ಸಿಗಳನ್ನು ಇಟ್ಟಿವೆ. ಸುಳ್ಳು ಸಿಕ್ಕಿಬಿದ್ದರೆ ಸೇರಿ ಒಂದು ವರ್ಷವಾದ ಮೇಲೂ ತೆಗೆದುಹಾಕುತ್ತಾರೆ. ಆಗ ಹೋಗುವುದು ಕೆಲಸ ಮಾತ್ರ ಅಲ್ಲ, ನಿಜವಾಗಿ ದುಡಿದ ವರ್ಷಗಳ ಮೇಲಿನ ನಂಬಿಕೆಯೂ. ಹೀಗೆ ಹಣ ಕೇಳುವವರು ಈಗಲೂ ಇದ್ದಾರೆ. ನಿಮ್ಮ ಮನೆಯ ಬಳೆಯನ್ನು ಅವರ ಕೈಗೆ ಕೊಡಬೇಡಿ.

ನಾವು ಬೇರೆ ಬಾಗಿಲು ಹುಡುಕಿದೆವು. ಮಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ತಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಸಪೋರ್ಟ್ ಮಾಡುವವರು ಬೇಕಿತ್ತು. ಸಂಬಳ 12 ಸಾವಿರ, ಅಂದರೆ ಎರಡು ಸಾವಿರ ಕಡಿಮೆ. ಸಂದರ್ಶನದಲ್ಲಿ ‘ಏನಾದರೂ ಮಾಡಿದ್ದೀರಾ?’ ಎಂದು ಕೇಳಿದರು. ಬೆಳ್ಳಟ್ಟಿಯ ಮ್ಯಾಕ್ರೋ ಹೇಳಿದೆವು, ಫೈಲ್ ಹಾಳಾದದ್ದನ್ನೂ ಹೇಳಿದೆವು. ಎದುರು ಕೂತವರು ಅರ್ಧ ಗಂಟೆ ಆ ಅರ್ಕಾವತ್ತಿನ ಬಗ್ಗೆಯೇ ಕೇಳಿದರು. ಕೆಲಸ ಸಿಕ್ಕಿತು.

ಅಲ್ಲಿ ಹಗಲು ಅಂಗಡಿಯವರ ಫೋನ್. ಯಾವ ಗುಂಡಿ ಒತ್ತಿದರೆ ಬಿಲ್ಲು ತಪ್ಪುತ್ತದೆ ಎಂಬುದು ನಮಗೆ ಗೊತ್ತಾಗುತ್ತಿತ್ತು. ಮೊದಲು ದೂರು ಮಾತ್ರ ಬರೆದೆವು. ಆಮೇಲೆ ತಪ್ಪು ಕೋಡಿನ ಯಾವ ಸಾಲಿನಲ್ಲಿ ಇರಬಹುದು ಎಂದೂ ಬರೆದೆವು. ಒಂದು ದಿನ ‘ನೀವೇ ಸರಿಮಾಡಿ’ ಎಂದರು. 2017ರಲ್ಲಿ ಐಡಿ ಕಾರ್ಡಿನಲ್ಲಿ ಡೆವಲಪರ್ ಎಂದು ಬಂತು. ಬೆಳ್ಳಟ್ಟಿಯಿಂದ ಅಲ್ಲಿಗೆ ಮೂರು ವರ್ಷ.

ಈಗ ಹೊರಡುವವರಿಗೆ

ಮದುವೆ ಮನೆಯ ಆ ಮೂವರಿಗೆ ನಾವು ಹೇಳುವುದು ಇಷ್ಟು.

ಮೊದಲು ಈಗಿರುವ ಕುರ್ಚಿಯಲ್ಲೇ ಶುರು ಮಾಡಿ. ವಾರದಲ್ಲಿ ನೀವು ಹತ್ತು ಸಲ ಮಾಡುವ ಒಂದೇ ಕೆಲಸ ಯಾವುದು? ಅದನ್ನು ಕಂಪ್ಯೂಟರೇ ಮಾಡುವಂತೆ ಒಂದು ಸಣ್ಣ ಪ್ರೋಗ್ರಾಂ ಬರೆಯಿರಿ. ವಿಂಡೋಸಿನಲ್ಲಿ ಪವರ್‌ಶೆಲ್ ಇದ್ದೇ ಇದೆ, ಪೈಥಾನ್ ಉಚಿತ. ಕಂಪನಿಯ ಅನುಮತಿ ಕೇಳಿ, ನಕಲಿನ ಮೇಲೆ ಓಡಿಸಿ, ಮೂಲ ಫೈಲನ್ನು ಮುಟ್ಟಬೇಡಿ.

ಎರಡನೆಯದು, ಒಂದೇ ಭಾಷೆ ಹಿಡಿಯಿರಿ. ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್. ಮೂರು ತಿಂಗಳಿಗೊಂದು ಭಾಷೆ ಬದಲಿಸುವವರು ಯಾವುದನ್ನೂ ಕಲಿಯುವುದಿಲ್ಲ. ಅದರ ಜೊತೆ ಎಸ್‌ಕ್ಯುಎಲ್, ಅಂದರೆ ಮಾಹಿತಿ ಕೋಶದಿಂದ ಬೇಕಾದ್ದನ್ನು ಕೇಳಿ ತೆಗೆಯುವ ಭಾಷೆ. ಮತ್ತೆ ಗಿಟ್, ಬರೆದ ಕೋಡಿನ ಪ್ರತಿ ಹೆಜ್ಜೆಯನ್ನೂ ಉಳಿಸಿಡುವ ಸಾಧನ. ಅದು ಆಗ ನಮಗೆ ಗೊತ್ತಿದ್ದು, ಪಟ್ಟಿಯ ಒಂದು ಪ್ರತಿಯನ್ನು ಅದರಲ್ಲಿ ಇಟ್ಟಿದ್ದರೆ ಅಕ್ಕನ ಸಂಜೆ ಉಳಿಯುತ್ತಿತ್ತು.

ಮೂರನೆಯದು, ಹಣ ಕಟ್ಟುವ ಮೊದಲು ಉಚಿತವಾದದ್ದನ್ನು ಮುಗಿಸಿ. ಕೇಂದ್ರ ಸರ್ಕಾರದ ಸ್ವಯಂ ತಾಣ 2017ರಿಂದ ಇದೆ. ಅದರಲ್ಲಿ ಎನ್‌ಪಿಟಿಇಎಲ್ ಮೂಲಕ ಐಐಟಿ ಪ್ರಾಧ್ಯಾಪಕರ ಪ್ರೋಗ್ರಾಮಿಂಗ್ ಪಾಠಗಳು ಸಿಗುತ್ತವೆ. ಕಲಿಯಲು ಶುಲ್ಕವಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್, ಫ್ರೀಕೋಡ್‌ಕ್ಯಾಂಪ್ ಕೂಡ ಉಚಿತ. ಮೂರು ತಿಂಗಳು ಉಚಿತ ಪಾಠದಲ್ಲಿ ಕೂರಲಾಗದವನು ಲಕ್ಷ ರೂಪಾಯಿ ಕೊಟ್ಟರೂ ಕೂರುವುದು ಕಷ್ಟ.

ಡಿಗ್ರಿ ಬೇಕೇ? ಕೆಲವು ದೊಡ್ಡ ಕಂಪನಿಗಳು ಕೇಳುತ್ತವೆ, ಸಣ್ಣ ಕಂಪನಿಗಳು ಕೆಲಸ ನೋಡುತ್ತವೆ. ವಿದೇಶದ ವೀಸಾಕ್ಕೆ ಡಿಗ್ರಿ ನೆರವಾಗುತ್ತದೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ಕೆಲಸ ಬಿಡಲಾಗದವರಿಗೆ ಇಗ್ನೋದ ಬಿಸಿಎ, ಎಂಸಿಎ ಇದೆ. ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಆನ್‌ಲೈನ್ ಬಿಎಸ್ ಕೋರ್ಸಿಗೆ ಜೆಇಇ ಬೇಕಾಗಿಲ್ಲ. ಪಿಯುಸಿ ಆದವರು ನಾಲ್ಕು ವಾರದ ಪಾಠ ಮುಗಿಸಿ ಅರ್ಹತಾ ಪರೀಕ್ಷೆ ಪಾಸಾದರೆ ಸಾಕು. ಮಧ್ಯದಲ್ಲಿ ನಿಲ್ಲಿಸಿದರೂ ಆ ಹಂತದ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಸಿಗುತ್ತದೆ. ಕಡಿಮೆ ಆದಾಯದ ಮನೆಯವರಿಗೆ ಶುಲ್ಕ ರಿಯಾಯಿತಿಯೂ ಇದೆ.

ನಾಲ್ಕನೆಯದು, ಒಮ್ಮೆಲೇ ಹಾರಬೇಡಿ, ನಡುವೆ ಸೇತುವೆಗಳಿವೆ. ಸಾಫ್ಟ್‌ವೇರ್ ಕಂಪನಿಯ ಅಪ್ಲಿಕೇಶನ್ ಸಪೋರ್ಟ್, ಟೆಸ್ಟಿಂಗ್, ಸರ್ವರ್ ನೋಡಿಕೊಳ್ಳುವ ಡೆವ್‌ಆಪ್ಸ್. ಇವೆಲ್ಲ ಸಪೋರ್ಟಿನವರಿಗೆ ಅರ್ಧ ಗೊತ್ತಿರುವ ಕೆಲಸಗಳು. ಅಲ್ಲಿಂದ ಡೆವಲಪ್‌ಮೆಂಟಿನ ಬಾಗಿಲು ಪಕ್ಕದಲ್ಲೇ ಇದೆ.

ಯಂತ್ರವೇ ಕೋಡ್ ಬರೆಯುವ ಕಾಲವಲ್ಲವೇ ಎಂದು ಕೇಳುವವರಿದ್ದಾರೆ. ನಿಜ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಎರಡೂ ಕಡೆ ಬಿಸಿ ತಟ್ಟಿದೆ. ಪಾಸ್‌ವರ್ಡ್ ರೀಸೆಟ್ ಈಗ ಚಾಟ್‌ಬಾಟ್ ಮಾಡುತ್ತದೆ. ಹೊಸಬರು ಬರೆಯುತ್ತಿದ್ದ ಸುಲಭದ ಕೋಡನ್ನೂ ಯಂತ್ರ ಬರೆಯುತ್ತದೆ. ಹಾಗಾಗಿ ಮೊದಲ ಮೆಟ್ಟಿಲಿನಲ್ಲೇ ನಿಂತರೆ ಸುರಕ್ಷಿತ ಎಂಬ ಲೆಕ್ಕ ಈಗ ನಡೆಯುವುದಿಲ್ಲ. ಆದರೆ ಆ ಯಂತ್ರ ಬೆಳ್ಳಟ್ಟಿಯ ಕೌಂಟರಿನಲ್ಲಿ ಕೂತಿಲ್ಲ. ಜನರ ಕಷ್ಟ ಎಲ್ಲಿದೆ, ಬಂದ ಉತ್ತರ ಸರಿಯೋ ತಪ್ಪೋ ಎಂದು ಹೇಳಲು ಅಲ್ಲಿ ಕೂತವರೇ ಬೇಕು. ಖುರ್ಷಿದಾಳ ಹೆಸರು ತಪ್ಪಿದೆ ಎಂದು ಮೊದಲು ಕಂಡದ್ದು ನಮಗಲ್ಲ, ಅಕ್ಕನಿಗೆ.

ಮನೆಯವರಿಗೊಂದು ಮಾತು

ದಿನಕ್ಕೆ ಎರಡು ಗಂಟೆ, ವಾರಕ್ಕೆ ಐದು ದಿನ, ವರ್ಷಕ್ಕೆ 500 ಗಂಟೆ. ಕಲಿಯುವವರು ಕೊಡಬೇಕಾದದ್ದು ಇಷ್ಟು. ಆದರೆ ಆ ಎರಡು ಗಂಟೆ ಮನೆಯವರ ಕೈಯಲ್ಲಿದೆ. ಪಾಳಿ ಮುಗಿಸಿ ಬಂದ ಮಗನನ್ನು ಎಲ್ಲ ಕಾರ್ಯಕ್ರಮಕ್ಕೂ ಕರೆದೊಯ್ಯುವುದನ್ನು ಒಂದು ವರ್ಷ ಕಡಿಮೆ ಮಾಡಿ. ಎರಡು ಸಾವಿರ ಸಂಬಳ ಇಳಿದರೆ ‘ಹಿಂದೆ ಬಿದ್ದ’ ಎನ್ನಬೇಡಿ, ಏಕೆ ಎಂದು ಕೇಳಿ. ಸಪೋರ್ಟಿನಲ್ಲಿರುವ ಮಗಳಿಗೂ ಇದೇ ಮಾತು. ಮದುವೆ ಮಾತುಕತೆಯಲ್ಲಿ ಚಿನ್ನದ ಲೆಕ್ಕದ ಜೊತೆ ಅವಳ ಓದಿನ ಎರಡು ಗಂಟೆಯ ಲೆಕ್ಕವೂ ಬರಲಿ. ಮನೆಯಿಂದಲೇ ಮಾಡಬಹುದಾದ ಕೆಲಸಗಳು ಡೆವಲಪ್‌ಮೆಂಟಿನಲ್ಲಿ ಇವೆ.

ಬೆಳ್ಳಟ್ಟಿ ಇರುವ ಗದಗ ಜಿಲ್ಲೆಯಲ್ಲಿಯೇ ಕಣಗಿನಹಾಳ ಎಂಬ ಊರಿದೆ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರಿಗೆ ಆಗದ್ದು ಹತ್ತು ಮಂದಿ ಕೂಡಿದರೆ ಆಗುತ್ತದೆ ಎಂಬುದು ಅದರ ಲೆಕ್ಕ. ನಮ್ಮ ಮೊಹಲ್ಲಾಗಳಲ್ಲಿಯೂ ಡೆವಲಪರ್ ಆಗಿರುವವರು ಇದ್ದಾರೆ. ಅವರು ವಾರಕ್ಕೊಂದು ರಾತ್ರಿ ಸಪೋರ್ಟಿನ ಇಬ್ಬರು ಮಕ್ಕಳಿಗೆ ಕೊಟ್ಟರೆ ಸಾಕು. ಚೆನ್ನೈಯ ಆ ಗಾರ್ಡಿಗೆ ಸಿಕ್ಕಿದ್ದು ಅಂಥ ಒಬ್ಬರೇ. ನಾವೂ ಈ ವಾರದಿಂದ ಮದುವೆ ಮನೆಯ ಆ ಮೂವರ ಜೊತೆ ಕೂರುತ್ತಿದ್ದೇವೆ.

ಕೊನೆಗೆ ಬೆಳ್ಳಟ್ಟಿಯ ಮಾತು. ಸರಿಯಾದ ಪ್ರೋಗ್ರಾಂ ತೆಗೆದುಕೊಂಡು ನಾವು ಮತ್ತೆ ಅಲ್ಲಿಗೆ ಹೋದೆವು. ಈ ಸಲ ಮೊದಲು ನಕಲು ತೆಗೆದೆವು. ಓಡಿಸಿದೆವು. ಅಕ್ಕ ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಾ ಹೋದಳು. ಖುರ್ಷಿದಾ ಖುರ್ಷಿದಾಳಾಗಿಯೇ ಇದ್ದಳು, ದುರ್ಗವ್ವ ದುರ್ಗವ್ವಳಾಗಿ. ಅಲ್ಲಿಯವರೆಗೆ ನಮ್ಮನ್ನು ‘ಸರ’ ಎನ್ನುತ್ತಿದ್ದ ಅಕ್ಕ, ಕಣ್ಣು ಪರದೆಯ ಮೇಲಿಟ್ಟುಕೊಂಡೇ ಹೇಳಿದಳು:

‘ಚಾ ಕುಡದು ಹೋಗು ತಮ್ಮಾ. ಇವತ್ತು ನಾನೂ ಲಗೂನ ಮನೀಗೆ ಹೊಂಟೇನಿ.’